ಹೊಸ ರೇಡಿಯೋ ಹಳ್ಳಿಯ ಮನೆಗೆ ಬರಬೇಕಾದರೆ

(ನಮ್ಮ ಬ್ಲಾಕಿನ ರೈತ ಸಂಘ ಮತ್ತು ಮಹಿಳಾ ಸಂಘಗಳ ಜಂಟಿ ಸಭೆಯಲ್ಲಿ ಗ್ರಾಮಸೇವಕರೊಬ್ಬರು ಮಾಡಿದ ಭಾಷಣದ ಪಾಠ)



ಇಂದು ಬೀಜ, ಗೊಬ್ಬರ, ಔಷಧಗಳ ಮಾತನ್ನು ಬದಿಗಿಟ್ಟು ರೇಡಿಯೋ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ನಾನು ಕೃಷಿ ಡಿಪ್ಲೊಮಾ ಓದಿ ಬಂದವನು, ರೇಡಿಯೋ ಇಂಜಿನಿಯರನಲ್ಲ. ಆದರೂ ಈ ವಿಷಯ ಗ್ರಾಮಸೇವಕನ ಕೆಲಸಕ್ಕೆ ಹೊರತಾದುದಲ್ಲ. ಒಂದು ಹೊಸ ವಸ್ತು ಒಳ್ಳೆಯದೆಂದು ತಿಳಿದವರು ಹೇಳಿದರೂ ಜನ ಅದನ್ನು ಏಕೆ ಬೇಗ ಮನೆಗೆ ತರುವುದಿಲ್ಲ, ತರಬೇಕಾದರೆ ಏನೇನು ಅನುಕೂಲವಾಗಬೇಕು ಎಂಬುದೇ ನಮ್ಮ ದಿನನಿತ್ಯದ ಪ್ರಶ್ನೆಯಲ್ಲವೇ? ಬೀಜಕ್ಕಾದರೂ ಅದೇ, ಒಲೆಗಾದರೂ ಅದೇ, ರೇಡಿಯೋಗಾದರೂ ಅದೇ.

ಡಿಜಿಟಲ್ ರೇಡಿಯೋ ಎಂಬ ಹೊಸ ಪದ್ಧತಿ ನಮ್ಮ ದೇಶಕ್ಕೆ ಬಂದು ಹದಿನೈದು ವರ್ಷಗಳ ಮೇಲಾಯಿತು. ನಮ್ಮ ರಾಜ್ಯದ ಆಕಾಶಕ್ಕೂ ಅದು ಬಂದಿದೆ. ಮನೆಗೆ ಮಾತ್ರ ಬಂದಿಲ್ಲ. ಈ ಸಭೆಯಲ್ಲಿ ಅಂಥ ಸೆಟ್ಟು ಉಳ್ಳವರು ಕೈ ಎತ್ತಿ ಎಂದರೆ ಎಷ್ಟು ಕೈಗಳು ಮೇಲೇಳುತ್ತವೆಂಬುದು ನಿಮಗೂ ಗೊತ್ತು, ನನಗೂ ಗೊತ್ತು. ಇದು ಹೀಗೇಕಾಯಿತು, ಮುಂದೆ ನಾವು ಏನು ಮಾಡಬೇಕು ಎಂಬುದನ್ನು ವಿಚಾರ ಮಾಡೋಣ.

ಡಿಜಿಟಲ್ ರೇಡಿಯೋ ಎಂದರೇನು?

ನಾವು ಇಷ್ಟು ದಿನ ಕೇಳುತ್ತ ಬಂದ ಸಾಧಾರಣ ರೇಡಿಯೋ ಬಾಯಿಮಾತಿನಲ್ಲಿ ಹೇಳಿಕಳಿಸಿದ ಸುದ್ದಿಯ ಹಾಗೆ. ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ ಹೋಗುತ್ತ ಹೋಗುತ್ತ ಮಾತಿಗೆ ಕಸ ಸೇರುತ್ತದೆ. ಗುಡುಗು ಮಿಂಚಿದರೆ ಗರಗರ, ಪಂಪ್‌ಸೆಟ್ಟಿನ ಸ್ಟಾರ್ಟರ್ ಒತ್ತಿದರೆ ಚಟಪಟ, ಟ್ಯೂಬ್‌ಲೈಟು ಹತ್ತಿಸಿದರೆ ಗುಂಯ್ ಎಂಬ ಸದ್ದು. ಎಲ್ಲವೂ ಹಾಡಿನ ಜೊತೆಯಲ್ಲೇ ಸೇರಿಕೊಂಡು ನಮ್ಮ ಕಿವಿಗೆ ಬರುತ್ತದೆ.

ಡಿಜಿಟಲ್ ರೇಡಿಯೋ ಬರೆದು ಕಳಿಸಿದ ಚೀಟಿಯ ಹಾಗೆ. ಧ್ವನಿಯನ್ನು ಮೊದಲು ಅಂಕಿಗಳಾಗಿ ಮಾರ್ಪಡಿಸಿ, ಆ ಅಂಕಿಗಳನ್ನು ತರಂಗದ ಮೇಲೆ ಕಳಿಸುತ್ತಾರೆ. ನಮ್ಮ ಮನೆಯ ಸೆಟ್ಟು ಅಂಕಿಗಳನ್ನು ಓದಿ ಮತ್ತೆ ಧ್ವನಿಯನ್ನಾಗಿ ಮಾಡುತ್ತದೆ. ದಾರಿಯಲ್ಲಿ ಚೀಟಿಗೆ ಸ್ವಲ್ಪ ಕೆಸರು ಹತ್ತಿದರೂ ಅಕ್ಷರ ಕಾಣುವವರೆಗೆ ಸುದ್ದಿ ಪೂರ್ತಿಯಾಗಿ ತಿಳಿಯುತ್ತದೆ. ಆದುದರಿಂದ ಮಧ್ಯಮತರಂಗದಲ್ಲಿಯೂ ಧ್ವನಿ ಹೆಚ್ಚುಕಡಿಮೆ ಎಫ್.ಎಂ.ನಷ್ಟು ತಿಳಿಯಾಗಿರುತ್ತದೆ. ಆದರೆ ಚೀಟಿ ಪೂರ್ತಿ ನೆನೆದು ಅಕ್ಷರ ಅಳಿಸಿಹೋದರೆ ಏನೂ ಓದಲಾಗದು. ಹಾಗೆಯೇ ಅಲೆ ತೀರ ದುರ್ಬಲವಾದರೆ ಡಿಜಿಟಲ್ ರೇಡಿಯೋ ಗರಗುಟ್ಟುವುದಿಲ್ಲ, ಒಮ್ಮೆಲೇ ಮೌನವಾಗಿಬಿಡುತ್ತದೆ. ಈ ಸಂಗತಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇದರಿಂದ ಆಗತಕ್ಕ ಪ್ರಯೋಜನಗಳು ಸಣ್ಣವಲ್ಲ. ಒಂದೇ ಪ್ರಸಾರಕದಿಂದ ಎರಡು ಮೂರು ಕಾರ್ಯಕ್ರಮಗಳನ್ನು ಒಟ್ಟಿಗೆ ಕಳಿಸಬಹುದು. ಧ್ವನಿಯ ಜೊತೆಗೆ ಬರಹವನ್ನೂ ಕಳಿಸಬಹುದು. ಹವಾಮಾನ, ಪೇಟೆಧಾರಣೆಗಳನ್ನು ಸೆಟ್ಟಿನ ಪರದೆಯ ಮೇಲೆ ನಾವೇ ಓದಿಕೊಳ್ಳಬಹುದು. ಅಷ್ಟೇ ದೂರ ಮುಟ್ಟಲು ಪ್ರಸಾರಕಕ್ಕೆ ತಗಲುವ ವಿದ್ಯುತ್ತೂ ಕಡಿಮೆ. ಎಲ್ಲಕ್ಕಿಂತ ಮುಖ್ಯವಾಗಿ, ಪ್ರವಾಹ, ಚಂಡಮಾರುತಗಳ ಕಾಲದಲ್ಲಿ ಕೇಳುಗರು ಬೇರೆ ಕಾರ್ಯಕ್ರಮ ಕೇಳುತ್ತಿದ್ದರೂ ಸೆಟ್ಟನ್ನು ತಾನಾಗಿ ಎಚ್ಚರಿಕೆಯ ಪ್ರಸಾರದ ಕಡೆಗೆ ತಿರುಗಿಸುವ ಏರ್ಪಾಡು ಈ ಪದ್ಧತಿಯಲ್ಲಿದೆ. 2015ರ ಡಿಸೆಂಬರಿನಲ್ಲಿ ಚೆನ್ನೈ ನಗರ ನೀರಿನಲ್ಲಿ ಮುಳುಗಿದಾಗ ಮೊಬೈಲುಗಳು ಕೈಕೊಟ್ಟುದನ್ನು ಎಲ್ಲರೂ ಬಲ್ಲರು. ದೂರದ ಊರಿನಲ್ಲಿ ನಿಂತ ದೊಡ್ಡ ಪ್ರಸಾರಕಕ್ಕೆ ನಮ್ಮ ಊರಿನ ಹೊಳೆ ತುಂಬಿ ಬಂದರೂ ಬಾಧೆಯಿಲ್ಲ. ಕೇಳಲು ನಮ್ಮ ಕೈಯಲ್ಲಿ ಸೆಟ್ಟಿದ್ದರೆ ಸಾಕು.

ಪ್ರಸಾರ ಉಂಟು, ಸೆಟ್ಟಿಲ್ಲ

ಹ್ರಸ್ವತರಂಗ, ಮಧ್ಯಮತರಂಗಗಳಿಗಾಗಿ ನಮ್ಮ ದೇಶ ಆರಿಸಿಕೊಂಡ ಪದ್ಧತಿಯ ಹೆಸರು ಡಿಜಿಟಲ್ ರೇಡಿಯೋ ಮೊಂಡಿಯಾಲ್, ಚಿಕ್ಕದಾಗಿ ಡಿ.ಆರ್.ಎಂ. 2009ರ ಜನವರಿಯಲ್ಲಿ ಆಕಾಶವಾಣಿ ದೆಹಲಿಯ ಖಾಂಪುರದ ಹ್ರಸ್ವತರಂಗ ಪ್ರಸಾರಕದಿಂದ ಇದನ್ನು ಆರಂಭಿಸಿತು. ಮುಂದೆ ದೇಶದಾದ್ಯಂತ 35 ಮಧ್ಯಮತರಂಗ ಪ್ರಸಾರಕಗಳಿಗೆ ಈ ಪದ್ಧತಿಯನ್ನು ಅಳವಡಿಸಲಾಯಿತು. ಬೆಂಗಳೂರಿನ 612 ಕಿಲೋಹರ್ಟ್ಸ್ ಕೇಂದ್ರ, ಧಾರವಾಡದ 765 ಕಿಲೋಹರ್ಟ್ಸ್ ಕೇಂದ್ರ ಎರಡೂ ಆ ಪಟ್ಟಿಯಲ್ಲಿ ಸೇರಿದವು. ಎರಡೂ 200 ಕಿಲೋವಾಟಿನ ದೊಡ್ಡ ಪ್ರಸಾರಕಗಳು. ಹಲವು ಜಿಲ್ಲೆಗಳಿಗೆ ಮುಟ್ಟತಕ್ಕವು.

ಪ್ರಸಾರಕ ನಿಂತಿತು, ಸರಿ. ಕೇಳುವ ಸೆಟ್ಟು ಎಲ್ಲಿ? ಅಂಗಡಿಯಲ್ಲಿ ಕೆಲವು ನೂರು ರೂಪಾಯಿಗೆ ಸಾಧಾರಣ ಟ್ರಾನ್ಸಿಸ್ಟರು ಸಿಗುತ್ತದೆ. ಡಿ.ಆರ್.ಎಂ. ಸೆಟ್ಟುಗಳಾದರೋ ಬೆರಳೆಣಿಕೆಯ ಮಾದರಿಗಳಲ್ಲಿ ಬಂದವು. ಬೆಲೆ ಸಾವಿರಾರು ರೂಪಾಯಿ. ತಯಾರಕರನ್ನು ಕೇಳಿದರೆ, ಕೊಳ್ಳುವವರು ಹೆಚ್ಚಿದರೆ ಬೆಲೆ ಇಳಿಸುತ್ತೇವೆ ಎನ್ನುತ್ತಾರೆ. ಕೊಳ್ಳುವವರನ್ನು ಕೇಳಿದರೆ, ಬೆಲೆ ಇಳಿದರೆ ಕೊಳ್ಳುತ್ತೇವೆ ಎನ್ನುತ್ತಾರೆ. ಪ್ರಸಾರ ಮಾಡುವವರನ್ನು ಕೇಳಿದರೆ, ಕೇಳುಗರೇ ಇಲ್ಲದೆ ಹೊಸ ಕಾರ್ಯಕ್ರಮಕ್ಕೆ ಹೇಗೆ ಹಣ ಹಾಕುವುದು ಎನ್ನುತ್ತಾರೆ. ಮದುವೆಯಾಗದೆ ಹುಚ್ಚು ಬಿಡುವುದಿಲ್ಲ, ಹುಚ್ಚು ಬಿಡದೆ ಮದುವೆಯಾಗುವುದಿಲ್ಲ ಎಂಬ ಗಾದೆ ಇಲ್ಲಿಗೆ ಸರಿಹೋಗುತ್ತದೆ.

ಒಂದು ಕಡೆ ಮಾತ್ರ ಈ ಗಂಟು ಸಡಿಲಾಯಿತು. ಹಲವು ಕಾರು ತಯಾರಕರು ಹೊಸ ಕಾರುಗಳಲ್ಲಿ ಡಿ.ಆರ್.ಎಂ. ರೇಡಿಯೋವನ್ನು ಕಾರ್ಖಾನೆಯಲ್ಲೇ ಜೋಡಿಸತೊಡಗಿದರು. ಅಂಥ ಕಾರುಗಳು ಲಕ್ಷಗಟ್ಟಲೆ ನಮ್ಮ ರಸ್ತೆಗಳಲ್ಲಿವೆ. ಅಲ್ಲಿ ಸೆಟ್ಟನ್ನು ಬೇರೆಯಾಗಿ ಕೊಳ್ಳಬೇಕಾದುದೇ ಇಲ್ಲ. ಕಾರಿನ ಬೆಲೆಯಲ್ಲೇ ಅದು ಸೇರಿಕೊಂಡಿತು. ಆದರೆ ಕಾರಿಗೆ ಬಂದದ್ದು ಕಣಕ್ಕೆ ಬರಲಿಲ್ಲ. ಕುರಿ ಕಾಯುವವನ ಹೆಗಲಿಗೆ, ಅಡಿಗೆಮನೆಯ ಗೂಡಿಗೆ, ರಾತ್ರಿ ನೀರು ಕಟ್ಟಲು ಹೋದವನ ಪಂಪಿನ ಮನೆಗೆ ಬರಲಿಲ್ಲ.

ಈ ನಡುವೆ ಇನ್ನೊಂದು ಸಂಗತಿ. ಕಳೆದ ಕೆಲವು ವರ್ಷಗಳಲ್ಲಿ ಆಕಾಶವಾಣಿ ತನ್ನ ಹಳೆಯ ಅನಲಾಗ್ ಮಧ್ಯಮತರಂಗ ಪ್ರಸಾರಕಗಳಲ್ಲಿ ಹಲವನ್ನು ನಿಲ್ಲಿಸಿದೆ. ಎಫ್.ಎಂ. ಪ್ರಸಾರಕಗಳನ್ನು ಹೆಚ್ಚಿಸುತ್ತಿದೆ, 2023ರ ಏಪ್ರಿಲ್ 28ರಂದು ಒಂದೇ ದಿನ 91 ಸಣ್ಣ ಎಫ್.ಎಂ. ಪ್ರಸಾರಕಗಳ ಉದ್ಘಾಟನೆಯಾಯಿತು. ಇದು ಸಂತೋಷದ ವಿಷಯವೇ. ಆದರೆ ಎಫ್.ಎಂ. ಅಲೆ ಹೆಚ್ಚುಕಡಿಮೆ ಕಣ್ಣಿಗೆ ಕಾಣುವಷ್ಟು ದೂರ ಮಾತ್ರ ಹೋಗುತ್ತದೆ. ಗುಡ್ಡದ ಮರೆಯ ಹಳ್ಳಿಗೆ, ಕಾಡಿನ ಅಂಚಿನ ಹಾಡಿಗೆ ಅದು ಸುಲಭವಾಗಿ ತಲುಪದು. ಹಳೆಯದು ಹೋಯಿತು, ಹೊಸದು ಬರಲಿಲ್ಲ ಎಂಬ ಸ್ಥಿತಿ ಮೊದಲು ಮುಟ್ಟುವುದು ಇಂಥ ಊರುಗಳನ್ನೇ. ನಾನು ಇಂದು ಈ ವಿಷಯವನ್ನು ಎತ್ತಿಕೊಂಡಿರುವುದು ಇದಕ್ಕಾಗಿಯೇ.

ಬೀಜದಿಂದ ಕಲಿಯತಕ್ಕ ಪಾಠ

ಹೊಸದನ್ನು ಜನ ಹೇಗೆ ಒಪ್ಪುತ್ತಾರೆಂಬುದನ್ನು ಮೊದಲು ಚೆನ್ನಾಗಿ ಅಭ್ಯಾಸ ಮಾಡಿದ್ದು ರೈತರ ಮಧ್ಯದಲ್ಲಿಯೇ. ಅಮೆರಿಕದ ಅಯೋವಾ ಪ್ರಾಂತ್ಯದಲ್ಲಿ ಸಂಕರ ಮೆಕ್ಕೆಜೋಳ ಹರಡಿದ ಬಗೆಯನ್ನು ಬ್ರೈಸ್ ರಯನ್, ನೀಲ್ ಗ್ರಾಸ್ ಎಂಬ ಇಬ್ಬರು ವಿದ್ವಾಂಸರು 259 ರೈತರನ್ನು ವಿಚಾರಿಸಿ 1943ರಲ್ಲಿ ಪ್ರಕಟಿಸಿದರು. ಹೊಸ ಬೀಜ ಹೆಚ್ಚು ಇಳುವರಿ ಕೊಡುತ್ತಿತ್ತು, ಬರಗಾಲವನ್ನೂ ತಡೆಯುತ್ತಿತ್ತು. ಆದರೂ ಅದು ಬಹುತೇಕ ಎಲ್ಲ ರೈತರಲ್ಲಿ ಹರಡಲು 1928ರಿಂದ 1941ರವರೆಗೆ ಕಾಲ ಹಿಡಿಯಿತು. ಬೀಜದ ಸುದ್ದಿಯನ್ನು ಮೊದಲು ತಂದವನು ಕಂಪನಿಯ ಮಾರಾಟಗಾರ; ಆದರೆ ಬಹುಮಂದಿಯ ಮನಸ್ಸನ್ನು ಒಪ್ಪಿಸಿದವನು ಪಕ್ಕದ ಹೊಲದವನು. ಎಷ್ಟೇ ಬುದ್ಧಿವಂತ ರೈತನಾದರೂ ಮೊದಲ ವರ್ಷ ಹೊಲದ ಒಂದು ಮೂಲೆಗೆ ಬಿತ್ತಿ ನೋಡಿ, ಆಮೇಲೆ ಹೆಚ್ಚಿಸಿದ.

ನಮ್ಮಲ್ಲಿಯೂ ಹಾಗೆಯೇ. ಮಂಡ್ಯದ ವಿ.ಸಿ. ಫಾರಂನಲ್ಲಿ ‘ರಾಗಿ ಲಕ್ಷ್ಮಣಯ್ಯ’ ಎಂದೇ ಹೆಸರಾದ ಸಿ.ಎಚ್. ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕದ ರಾಗಿಗೂ ಸಂಕರ ಮಾಡಿ ಇಂಡಾಫ್ ತಳಿಗಳನ್ನು ತಯಾರಿಸಿದರು. ಅಂಥ ಬೀಜವನ್ನು ಎರಡು ಗುಂಟೆಗೆ ಬಿತ್ತಿ ನೋಡಬಹುದು. ದಾರಿಯಲ್ಲಿ ಹೋಗುವವರು ಬದುವಿನ ಮೇಲೆ ನಿಂತು ತೆನೆ ಮುಟ್ಟಿ ನೋಡಬಹುದು. ಮೆಚ್ಚಿದರೆ ಮುಂದಿನ ವರ್ಷ ಒಂದು ಸೇರು ಬೀಜ ಕೇಳಬಹುದು.

ಎವೆರೆಟ್ ರೋಜರ್ಸ್ ಎಂಬವರು 1962ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ, ಹೊಸದೊಂದು ಬೇಗ ಹರಡಬೇಕಾದರೆ ಅದಕ್ಕೆ ಐದು ಗುಣಗಳಿರಬೇಕೆಂದು ಹೇಳಿದರು. ಹಳೆಯದಕ್ಕಿಂತ ಲಾಭವಾಗಬೇಕು, ನಮ್ಮ ರೂಢಿಗೆ ಹೊಂದಬೇಕು, ಬಳಸಲು ಸುಲಭವಾಗಿರಬೇಕು, ಸ್ವಲ್ಪ ಪ್ರಮಾಣದಲ್ಲಿ ಪರೀಕ್ಷಿಸಲು ಬರಬೇಕು, ಅದರ ಫಲ ಪಕ್ಕದವರ ಕಣ್ಣಿಗೆ ಬೀಳಬೇಕು. ಈ ಐದು ಮಾತುಗಳನ್ನು ಡಿಜಿಟಲ್ ರೇಡಿಯೋಗೆ ಹಚ್ಚಿ ನೋಡೋಣ.

ಲಾಭದ ಮಾತು: ಧ್ವನಿ ತಿಳಿಯಾಗಿರುತ್ತದೆ, ನಿಜ. ಆದರೆ ಅದೇ ಪ್ರದೇಶ ಸಮಾಚಾರ, ಅದೇ ಕೃಷಿರಂಗ ಹಳೆಯ ಸೆಟ್ಟಿನಲ್ಲೂ ಕೇಳಿಸುವಾಗ, ತಿಳಿಯಾದ ಧ್ವನಿಯೊಂದಕ್ಕೇ ಸಾವಿರಾರು ರೂಪಾಯಿ ಕೊಡುವವರು ಎಷ್ಟು ಮಂದಿ? ಹಾಡು ಕೇಳುವ ಯುವಕರ ಜೇಬಿನಲ್ಲಂತೂ ಮೊಬೈಲು ಇದೆ. ಆಕಾಶವಾಣಿಯ ಕಾರ್ಯಕ್ರಮಗಳೂ ಅದರಲ್ಲಿ ಸಿಗುತ್ತವೆ. ಡಿಜಿಟಲ್ ರೇಡಿಯೋಗೆ ಬಲವಾದ ಪೈಪೋಟಿ ಅದೇ.

ರೂಢಿಯ ಮಾತು: ಕರಂಟು ಹೋದಾಗಲೂ ಮಾತಾಡುವ ವಸ್ತು ರೇಡಿಯೋ ಎಂಬುದು ನಮ್ಮ ರೂಢಿ. ಎರಡು ಸೆಲ್ಲು ಹಾಕಿದರೆ ಹಳೆಯ ಟ್ರಾನ್ಸಿಸ್ಟರು ವಾರಗಟ್ಟಲೆ ನಡೆಯುತ್ತದೆ. ಅಂಕಿಗಳನ್ನು ಓದುವ ಸೆಟ್ಟು ಹೆಚ್ಚು ವಿದ್ಯುತ್ತು ತಿನ್ನುತ್ತದೆ. ಸೆಲ್ಲು ಬೇಗ ತೀರುತ್ತದೆ.

ಸುಲಭತೆಯ ಮಾತು: ಹಳೆಯ ಸೆಟ್ಟಿನಲ್ಲಿ ಒಂದು ತಿರುಪು ಶಬ್ದಕ್ಕೆ, ಒಂದು ತಿರುಪು ಕೇಂದ್ರಕ್ಕೆ. ಕಣ್ಣು ಮಂಜಾದ ಅಜ್ಜಿಯೂ ಕತ್ತಲಲ್ಲಿ ತಿರುಗಿಸುತ್ತಾಳೆ. ಹೊಸ ಸೆಟ್ಟಿನಲ್ಲಿ ಗುಂಡಿಗಳ ಸಾಲು, ಪರದೆಯ ಮೇಲೆ ಇಂಗ್ಲಿಷ್ ಅಕ್ಷರ. ಕೆಟ್ಟರೆ ರಿಪೇರಿ ಮಾಡುವವರು ತಾಲ್ಲೂಕು ಪೇಟೆಯಲ್ಲೂ ಸಿಗುವುದು ಕಷ್ಟ.

ಪರೀಕ್ಷೆಯ ಮಾತು: ಇದೇ ದೊಡ್ಡ ತೊಡಕು. ರೇಡಿಯೋವನ್ನು ಎರಡು ಗುಂಟೆಗೆ ಬಿತ್ತಿ ನೋಡಲಾಗದು. ಕೊಂಡರೆ ಪೂರ್ತಿ, ಇಲ್ಲದಿದ್ದರೆ ಇಲ್ಲ. ಅಂಗಡಿಯಲ್ಲಿ ಮಾತಾಡಿದ ಸೆಟ್ಟು ಮನೆಯಲ್ಲಿ ಮಾತಾಡುವುದೆಂಬ ಖಾತ್ರಿಯೂ ಇಲ್ಲ. ಮಧ್ಯಮತರಂಗದ ನಡತೆ ಹಗಲಿಗೆ ಒಂದು, ರಾತ್ರಿಗೆ ಒಂದು. ರಾತ್ರಿಯಾದರೆ ದೂರದ ಕೇಂದ್ರಗಳ ಅಲೆಗಳೂ ಆಕಾಶದಿಂದ ಮರಳಿ ಬಂದು ಅಡ್ಡಬರುತ್ತವೆ. ಮೊದಲೇ ಹೇಳಿದಂತೆ, ಹಳೆಯ ಸೆಟ್ಟಾದರೆ ಗರಗುಟ್ಟುತ್ತಲಾದರೂ ಸುದ್ದಿ ಹೇಳುತ್ತದೆ; ಹೊಸದು ಮೌನವಾಗಿಬಿಡುತ್ತದೆ.

ಕಣ್ಣಿಗೆ ಬೀಳುವ ಮಾತು: ತೆನೆ ಹೊಲದಲ್ಲಿ ಕಾಣುತ್ತದೆ. ತಿಳಿಯಾದ ಧ್ವನಿ ನಾಲ್ಕು ಗೋಡೆಯ ಒಳಗೆ ಉಳಿಯುತ್ತದೆ. ಪಕ್ಕದ ಮನೆಯಲ್ಲಿ ಅಂಥ ಸೆಟ್ಟಿದ್ದರೂ ಅದು ಹೊಸ ಬಗೆಯದೆಂದು ಗೊತ್ತಾಗುವುದೇ ಇಲ್ಲ.

ಐದು ಪರೀಕ್ಷೆಗಳಲ್ಲಿ ಡಿಜಿಟಲ್ ರೇಡಿಯೋ ಒಂದರಲ್ಲೂ ಸಲೀಸಾಗಿ ಪಾಸಾಗುವುದಿಲ್ಲ. ಆದುದರಿಂದ ಜನ ಕೊಳ್ಳಲಿಲ್ಲವೆಂದರೆ ಜನ ಹಿಂದುಳಿದವರೆಂದು ಅರ್ಥವಲ್ಲ. ಅವರು ಲೆಕ್ಕ ಬಲ್ಲವರೆಂದು ಅರ್ಥ.

ಇತರ ದೇಶಗಳಲ್ಲಿ ಆದುದೇನು?

ಈ ತೊಂದರೆ ನಮ್ಮದೊಂದೇ ಅಲ್ಲ. ಇಂಗ್ಲೆಂಡಿನಲ್ಲಿ ಬಿ.ಬಿ.ಸಿ. ಸಂಸ್ಥೆ 1995ರ ಸೆಪ್ಟೆಂಬರಿನಲ್ಲೇ ‘ಡ್ಯಾಬ್’ ಎಂಬ ಇನ್ನೊಂದು ಬಗೆಯ ಡಿಜಿಟಲ್ ಪ್ರಸಾರವನ್ನು ಆರಂಭಿಸಿತು. ಹಲವು ವರ್ಷಗಳವರೆಗೆ ಕೊಳ್ಳುವವರು ಬಹಳ ಕಡಿಮೆ. ಸೆಟ್ಟಿನ ಬೆಲೆ ನೂರಾರು ಪೌಂಡುಗಳು. 2002ರಲ್ಲಿ ಎರಡು ಬದಲಾವಣೆಗಳು ಒಟ್ಟಿಗೆ ಆದವು. ಒಂದನೆಯದು, ನೂರು ಪೌಂಡಿಗಿಂತ ಕಡಿಮೆ ಬೆಲೆಯ ಸೆಟ್ಟು ಪೇಟೆಗೆ ಬಂತು. ಎರಡನೆಯದು, ಹಳೆಯ ಸೆಟ್ಟಿನಲ್ಲಿ ಸಿಗದ ಹೊಸ ವಾಹಿನಿಗಳನ್ನು ಬಿ.ಬಿ.ಸಿ. ಆರಂಭಿಸಿತು. ಅಲ್ಲಿಂದ ಮುಂದೆ ಜನ ಕೊಳ್ಳತೊಡಗಿದರು. 2010ರಲ್ಲಿ ಅಂಥ ವಾಹಿನಿಗಳಲ್ಲೊಂದಾದ ‘6 ಮ್ಯೂಸಿಕ್’ ಅನ್ನು ಮುಚ್ಚಬೇಕೆಂಬ ಸೂಚನೆ ಬಂದಾಗ ಕೇಳುಗರೇ ಪ್ರತಿಭಟಿಸಿ ಅದನ್ನು ಉಳಿಸಿಕೊಂಡರು. ನೋಡಿ, ಜನ ಹಚ್ಚಿಕೊಂಡದ್ದು ಯಂತ್ರವನ್ನಲ್ಲ, ಕಾರ್ಯಕ್ರಮವನ್ನು! ಆದರೂ ಅಲ್ಲಿ ಒಟ್ಟು ರೇಡಿಯೋ ಕೇಳುವಿಕೆಯಲ್ಲಿ ಅರ್ಧಕ್ಕಿಂತ ಹೆಚ್ಚು ಡಿಜಿಟಲ್ ಆಗಲು 2018 ಬರಬೇಕಾಯಿತು. ಅದೂ ಟಿ.ವಿ., ಇಂಟರ್ನೆಟ್ಟುಗಳ ಮೂಲಕ ಕೇಳುವುದನ್ನು ಕೂಡಿಸಿಕೊಂಡು. ಅಷ್ಟಾದ ಮೇಲೂ ಎಫ್.ಎಂ. ಅನ್ನು ಕನಿಷ್ಠ 2030ರವರೆಗೆ ಉಳಿಸಬೇಕೆಂದು ಅಲ್ಲಿ ತೀರ್ಮಾನವಾಯಿತು.

ನಾರ್ವೆ ದೇಶ ಬೇರೆ ದಾರಿ ಹಿಡಿಯಿತು. 2017ರ ಜನವರಿ 11ರಂದು ಉತ್ತರದ ನೂರ್ಲಾಂಡ್ ಪ್ರಾಂತ್ಯದಿಂದ ಆರಂಭಿಸಿ, ಅದೇ ವರ್ಷದ ಡಿಸೆಂಬರಿನೊಳಗೆ ರಾಷ್ಟ್ರೀಯ ವಾಹಿನಿಗಳ ಎಫ್.ಎಂ. ಪ್ರಸಾರವನ್ನೆಲ್ಲ ನಿಲ್ಲಿಸಿತು. ಹೀಗೆ ಮಾಡಿದ ಮೊದಲ ದೇಶ ಅದೇ. ಕಾರಣವಿಲ್ಲದೆ ಮಾಡಿದ್ದಲ್ಲ; ಬೆಟ್ಟ ಕಣಿವೆಗಳ ಆ ದೇಶದಲ್ಲಿ ಎರಡು ಜಾಲಗಳನ್ನು ನಡೆಸುವ ವೆಚ್ಚ ಬಹಳ, ಹೊಸದರಲ್ಲಿ ವಾಹಿನಿಗಳೂ ಹೆಚ್ಚು. ಆದರೆ ನಿಲ್ಲಿಸುವ ಮುಂಚೆ ನಡೆದ ಜನಾಭಿಪ್ರಾಯ ಸಮೀಕ್ಷೆಯಲ್ಲಿ ಮೂವರಲ್ಲಿ ಇಬ್ಬರು ಬೇಡವೆಂದಿದ್ದರು. ಬಹುಪಾಲು ಕಾರುಗಳಲ್ಲಿ ಹೊಸ ರೇಡಿಯೋ ಇರಲಿಲ್ಲ. ನಿಲ್ಲಿಸಿದ ಮೇಲೆ ದಿನವೂ ರೇಡಿಯೋ ಕೇಳುವವರ ಸಂಖ್ಯೆ ಇಳಿಯಿತು. ಸ್ವಿಟ್ಜರ್ಲೆಂಡಿನ ಸಾರ್ವಜನಿಕ ರೇಡಿಯೋ ಸಂಸ್ಥೆಯೂ 2024ರ ಕೊನೆಯ ದಿನ ಎಫ್.ಎಂ. ನಿಲ್ಲಿಸಿ ಕೇಳುಗರನ್ನು ಕಳೆದುಕೊಂಡಿತು. ಹಣವಂತ ದೇಶಗಳಲ್ಲೇ ಹೀಗಾದರೆ ನಮ್ಮಲ್ಲಿ ಎಷ್ಟು ಎಚ್ಚರ ಬೇಕೆಂದು ನೀವೇ ಯೋಚಿಸಿ.

ಬೆಂಗಳೂರಿನಲ್ಲೇ ಮುಗಿದ ಒಂದು ಕಥೆ

ದೂರದ ಮಾತು ಸಾಕು. ಹತ್ತಿರದ ಒಂದು ಉದಾಹರಣೆ ಕೊಡುತ್ತೇನೆ. ವರ್ಲ್ಡ್‌ಸ್ಪೇಸ್ ಎಂಬ ಅಮೆರಿಕದ ಕಂಪನಿ ಉಪಗ್ರಹದ ಮೂಲಕ ಡಿಜಿಟಲ್ ರೇಡಿಯೋ ಪ್ರಸಾರ ಮಾಡುತ್ತಿತ್ತು. ಏಷ್ಯಾಕ್ಕೆಂದು ಅದರ ಉಪಗ್ರಹ 2000ದಲ್ಲಿ ಮೇಲೇರಿತು. ಭಾರತದ ಶಾಖೆಯ ಮುಖ್ಯ ಕಚೇರಿ ಬೆಂಗಳೂರಿನಲ್ಲಿಯೇ ಇತ್ತು. ಧ್ವನಿ ಅತ್ಯಂತ ತಿಳಿ. ಶಾಸ್ತ್ರೀಯ ಸಂಗೀತಕ್ಕೆ ಬೇರೆ ವಾಹಿನಿ, ಕನ್ನಡಕ್ಕೆಂದೇ ‘ಸ್ಪರ್ಶ’ ಎಂಬ ವಾಹಿನಿ. ಚಂದಾದಾರರಲ್ಲಿ ಹೆಚ್ಚಿನವರು ನಮ್ಮ ದೇಶದವರೇ.

ಆದರೆ ಆ ಪ್ರಸಾರಕ್ಕೆ ಅದಕ್ಕೆಂದೇ ಮಾಡಿದ ಸೆಟ್ಟೇ ಬೇಕು, ಪುಟ್ಟ ಆಂಟೆನಾ ಉಪಗ್ರಹದ ಕಡೆಗೇ ಮುಖ ಮಾಡಿರಬೇಕು, ವರ್ಷ ವರ್ಷವೂ ಚಂದಾ ಕಟ್ಟಬೇಕು. 2008ರ ಅಕ್ಟೋಬರಿನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. 2009ರ ಡಿಸೆಂಬರ್ 31ಕ್ಕೆ ಭಾರತದ ಪ್ರಸಾರ ನಿಂತುಹೋಯಿತು. ಮರುದಿನದಿಂದ ಚಂದಾದಾರರಿಗೆ ಆ ಹಾಡುಗಳು ಕೇಳಿಸಲಿಲ್ಲ. ಸೆಟ್ಟು ಕೆಟ್ಟಿರಲಿಲ್ಲ, ಅದಕ್ಕೆ ಹಾಡು ಕಳಿಸುವವರು ಇರಲಿಲ್ಲ. ಒಂದೇ ಕಂಪನಿಯ ಅಂಗಡಿಯಲ್ಲಿ ಮಾತ್ರ ಸಿಗುವ ಬೀಜವನ್ನು ನಂಬಿ, ಮನೆಯ ಬೀಜದ ಗುಡಾಣವನ್ನು ಬರಿದು ಮಾಡಿಕೊಂಡವನ ಗತಿ ಏನೆಂದು ರೈತರಿಗೆ ನಾನು ಹೇಳಬೇಕಾಗಿಲ್ಲ.

ಈ ದೃಷ್ಟಿಯಿಂದ ಡಿ.ಆರ್.ಎಂ. ಮೇಲು. ಅದಕ್ಕೆ ಚಂದಾ ಇಲ್ಲ. ಅದು ಒಂದೇ ಕಂಪನಿಯ ಸೊತ್ತೂ ಅಲ್ಲ. ಬೇರೆ ಬೇರೆ ತಯಾರಕರು ಸೆಟ್ಟು ಮಾಡಬಹುದು. ಆದರೆ ಎಫ್.ಎಂ. ಪಟ್ಟಿಯಲ್ಲಿ ಯಾವ ಡಿಜಿಟಲ್ ಪದ್ಧತಿ ಬರಬೇಕೆಂಬ ಚರ್ಚೆ ಬಹುಕಾಲ ನಡೆಯಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತಾದರೆ ಸೆಟ್ಟು ತಯಾರಿಸುವವರೂ ಕಾದು ಕೂರುತ್ತಾರೆ, ಕೊಳ್ಳುವವರೂ ಕಾದು ಕೂರುತ್ತಾರೆ. ಟ್ರಾಯ್ ಸಂಸ್ಥೆ 2025ರ ಅಕ್ಟೋಬರಿನಲ್ಲಿ ಕೊಟ್ಟ ಶಿಫಾರಸಿನಲ್ಲಿ, ಖಾಸಗಿ ರೇಡಿಯೋಗಳಿಗೆ ದೇಶದಲ್ಲಿ ಒಂದೇ ಡಿಜಿಟಲ್ ಪದ್ಧತಿ ಇರಲಿ, ಬೆಂಗಳೂರೂ ಸೇರಿದ 13 ದೊಡ್ಡ ನಗರಗಳಲ್ಲಿ ಮೊದಲು ಆರಂಭವಾಗಲಿ, ಹಳೆಯ ಅನಲಾಗ್ ಪ್ರಸಾರವೂ ಜೊತೆಗೇ ನಡೆಯಲಿ ಎಂದು ಹೇಳಿತು. ಜೊತೆಗೇ ನಡೆಯಲಿ ಎಂಬ ಮಾತು ಬಹಳ ಒಳ್ಳೆಯ ಮಾತು. ಅದು ನಗರಕ್ಕೆ ಮಾತ್ರವಲ್ಲ, ಹಳ್ಳಿಗೂ ಸಲ್ಲಬೇಕು.

ನಾವು ಮಾಡಬೇಕಾದುದೇನು?

ಹಾಗಾದರೆ ಕೈಕಟ್ಟಿ ಕೂರೋಣವೇ? ಬೇಡ. ನಮ್ಮ ದೇಶದಲ್ಲಿಯೇ ಹಿಂದೆ ತೋರಿಸಿಕೊಟ್ಟ ದಾರಿಯೊಂದಿದೆ. 1956ರಲ್ಲಿ ಪುಣೆಯ ಆಕಾಶವಾಣಿ ಕೇಂದ್ರದ ಸುತ್ತಿನ ಐದು ಜಿಲ್ಲೆಗಳ 150 ಹಳ್ಳಿಗಳಲ್ಲಿ ಯುನೆಸ್ಕೋ ನೆರವಿನಿಂದ ರೇಡಿಯೋ ಗ್ರಾಮಗೋಷ್ಠಿಗಳನ್ನು ನಡೆಸಿದರು. ಆಗ ರೇಡಿಯೋ ಕೂಡ ಹಳ್ಳಿಗೆ ಹೊಸ ವಸ್ತುವೇ, ಬೆಲೆಯೂ ಬಲು ಹೆಚ್ಚು. ಊರಿಗೊಂದು ಸೆಟ್ಟು, ಅದರ ಸುತ್ತ ಊರಿನ ಜನ. ಕಾರ್ಯಕ್ರಮ ಕೇಳಿ, ಚರ್ಚಿಸಿ, ತಮ್ಮ ಪ್ರಶ್ನೆಗಳನ್ನು ಕೇಂದ್ರಕ್ಕೆ ಬರೆದು ಕಳಿಸುತ್ತಿದ್ದರು. ಮುಂದಿನ ಗೋಷ್ಠಿಯಲ್ಲಿ ಉತ್ತರ ಬರುತ್ತಿತ್ತು. 1959ರಲ್ಲಿ ಈ ಕ್ರಮವನ್ನು ದೇಶಕ್ಕೆಲ್ಲ ವಿಸ್ತರಿಸಿದರು. ಪ್ರತಿಯೊಬ್ಬನೂ ಮೊದಲು ಸೆಟ್ಟು ಕೊಳ್ಳಲಿ, ಆಮೇಲೆ ನೋಡೋಣ ಎಂದು ಆಗಿನವರು ಕಾದು ಕೂರಲಿಲ್ಲ.

ಹೊಲದಲ್ಲಿ ಪ್ರಾತ್ಯಕ್ಷಿಕೆ ತಾಕು ಇರುವ ಹಾಗೆ ರೇಡಿಯೋಗೂ ಒಂದು ಪ್ರಾತ್ಯಕ್ಷಿಕೆ ಬೇಕು. ಗ್ರಾಮ ಪಂಚಾಯ್ತಿಯ ಗ್ರಂಥಾಲಯ, ಅಂದರೆ ಅರಿವು ಕೇಂದ್ರ, ಇದಕ್ಕೆ ತಕ್ಕ ಸ್ಥಳ. ಎರಡು ಮೂರು ಪಂಚಾಯ್ತಿಗಳು ಕೂಡಿ ಒಂದು ಸೆಟ್ಟನ್ನು ಕೊಂಡರೂ ಸಾಕು. ಒಂದು ತಿಂಗಳು ಒಂದು ಊರಿನಲ್ಲಿರಲಿ, ಮುಂದಿನ ತಿಂಗಳು ಇನ್ನೊಂದು ಊರಿಗೆ ಹೋಗಲಿ. ಪಕ್ಕದಲ್ಲಿ ಒಂದು ನೋಟುಬುಕ್ಕು ಇಡಿ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಮೂರು ಹೊತ್ತು ಹಚ್ಚಿ ನೋಡಿ, ಕೇಳಿಸಿತೋ ಇಲ್ಲವೋ ಬರೆಯಿರಿ. ಕರಂಟು ಇದ್ದಾಗ ಒಂದು ಸಲ, ಇಲ್ಲದಾಗ ಒಂದು ಸಲ. ಗೋಡೆಯ ಒಳಗೆ ಒಂದು ಸಲ, ಮರದ ಕೆಳಗೆ ಒಂದು ಸಲ. ಹತ್ತಿರದಲ್ಲಿ ಎಲ್.ಇ.ಡಿ. ಬಲ್ಬು, ಮೋಟಾರು ನಡೆಯುವಾಗ ಏನಾಯಿತೆಂಬುದನ್ನೂ ಬರೆಯಿರಿ. ಶಾಲೆಯ ದೊಡ್ಡ ಮಕ್ಕಳು ಈ ಕೆಲಸವನ್ನು ಉತ್ಸಾಹದಿಂದ ಮಾಡುತ್ತಾರೆ. ತಿಂಗಳ ಕೊನೆಗೆ ಆ ಪುಟಗಳ ಪ್ರತಿಯನ್ನು ಆಕಾಶವಾಣಿ ಕೇಂದ್ರಕ್ಕೆ ಕಳಿಸಿ. ನಗರದ ಕಚೇರಿಯಲ್ಲಿ ಕುಳಿತವರಿಗೆ ನಮ್ಮ ಹಳ್ಳಿಯ ಮೂಲೆಯಲ್ಲಿ ಏನು ಕೇಳಿಸುತ್ತದೆಂದು ನಾವು ತಿಳಿಸದಿದ್ದರೆ ಮತ್ತೆ ಯಾರು ತಿಳಿಸುತ್ತಾರೆ?

ಸ್ವಂತಕ್ಕೆ ಸೆಟ್ಟು ಕೊಳ್ಳುವ ವಿಚಾರವಿದ್ದವರು ಅಂಗಡಿಯವನನ್ನು ಐದು ಪ್ರಶ್ನೆ ಕೇಳಬೇಕು. ಇದರಲ್ಲಿ ಹೊಸ ಪ್ರಸಾರದ ಜೊತೆಗೆ ಹಳೆಯ ಮಧ್ಯಮತರಂಗ, ಎಫ್.ಎಂ. ಎರಡೂ ಬರುತ್ತವೆಯೇ? ಒಂದು ಸಲ ಚಾರ್ಜು ಮಾಡಿದರೆ ಎಷ್ಟು ಗಂಟೆ ನಡೆಯುತ್ತದೆ? ಮನೆಗೊಯ್ದು ಒಂದು ರಾತ್ರಿ ಹಚ್ಚಿ ನೋಡಿ, ಬರದಿದ್ದರೆ ಹಿಂದಿರುಗಿಸಬಹುದೇ? ಕೆಟ್ಟರೆ ರಿಪೇರಿ ಮಾಡುವವರು ಯಾರು, ಎಲ್ಲಿ? ಎಚ್ಚರಿಕೆಯ ಪ್ರಸಾರವನ್ನು ತಾನಾಗಿ ಹಿಡಿಯುವ ಏರ್ಪಾಡು ಇದರಲ್ಲಿದೆಯೇ? ಸರಿಯಾದ ಉತ್ತರ ಬಾರದಿದ್ದರೆ ಹಣವನ್ನು ಸೆರಗಿನಲ್ಲೇ ಗಂಟುಹಾಕಿಕೊಂಡು ಮನೆಗೆ ಬನ್ನಿ. ಮನೆಯಲ್ಲಿರುವ ಹಳೆಯ ಟ್ರಾನ್ಸಿಸ್ಟರನ್ನು ಮಾತ್ರ ಗುಜರಿಗೆ ಹಾಕಬೇಡಿ.

ಸರ್ಕಾರವನ್ನೂ ಪ್ರಸಾರ ಸಂಸ್ಥೆಯನ್ನೂ ನಾವು ಕೇಳತಕ್ಕ ಮಾತುಗಳು ಮೂರು. ಸೆಟ್ಟಿನ ಬೆಲೆ ಕೂಲಿಯವನ ಕೈಗೆಟಕುವಂತಾಗಲಿ. ಬೀಜಕ್ಕೂ ಹನಿ ನೀರಾವರಿಗೂ ಸಹಾಯಧನ ಕೊಡಲು ಬರುವುದಾದರೆ, ಪ್ರವಾಹದ ಎಚ್ಚರಿಕೆ ತಲುಪಿಸುವ ಸಾಧನಕ್ಕೂ ಕೊಡಲು ಬರುತ್ತದೆ. ಹೊಸ ಸೆಟ್ಟಿನಲ್ಲಿ ಮಾತ್ರ ಸಿಗುವ, ನಮಗೆ ಬೇಕಾದ ಕಾರ್ಯಕ್ರಮಗಳು ಬರಲಿ. ಆಯಾ ಜಿಲ್ಲೆಯ ಮಳೆ, ಆಯಾ ಮಾರುಕಟ್ಟೆಯ ಧಾರಣೆ, ರೋಗ ಕೀಟಗಳ ಸುದ್ದಿ ಕನ್ನಡ ಅಕ್ಷರಗಳಲ್ಲಿ ಪರದೆಯ ಮೇಲೆ ಮೂಡಲಿ. ಮೂರನೆಯದು, ಒಂದು ಪ್ರದೇಶದ ಹಳ್ಳಿಗಳಲ್ಲಿ ಹೊಸದು ನಿಜವಾಗಿ ಕೇಳಿಸುತ್ತಿದೆಯೇ, ಮನೆಗಳಲ್ಲಿ ಸೆಟ್ಟುಗಳಿವೆಯೇ ಎಂದು ಎಣಿಸಿ ನೋಡದೆ ಅಲ್ಲಿಯ ಹಳೆಯ ಪ್ರಸಾರವನ್ನು ನಿಲ್ಲಿಸಬಾರದು.

ಬಂಧುಗಳೇ, ನಾನು ಹೊಸದಕ್ಕೆ ವಿರೋಧಿಯಲ್ಲ. ಹೊಸದನ್ನು ಹೊತ್ತು ತರುವುದೇ ನನ್ನ ಉದ್ಯೋಗ. ಆದರೆ ಹೊಸ ಬೀಜ ಬಂತೆಂದು ಮೊದಲ ವರ್ಷವೇ ಇಡೀ ಹೊಲಕ್ಕೆ ಬಿತ್ತಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ರೇಡಿಯೋ ವಿಷಯದಲ್ಲಿಯೂ ಅದೇ ನ್ಯಾಯ. ಮೊದಲು ಊರ ನಡುವೆ ಒಂದು ಸೆಟ್ಟು ಮಾತಾಡಲಿ, ಕೇಳಿದವರು ಮೆಚ್ಚಲಿ, ಬೆಲೆ ಇಳಿಯಲಿ, ಆಮೇಲೆ ಮನೆಮನೆಗೆ ಬರಲಿ. ಮುಂದಿನ ಗ್ರಾಮಸಭೆಯಲ್ಲಿ ಈ ವಿಷಯವನ್ನು ಚರ್ಚೆಗಿಟ್ಟು, ಪ್ರಾತ್ಯಕ್ಷಿಕೆಗೆ ಯಾವ ಊರು ಮೊದಲು ಮುಂದೆ ಬರುವುದೆಂದು ಬ್ಲಾಕ್ ಕಚೇರಿಗೆ ತಿಳಿಸಬೇಕೆಂದು ತಮ್ಮೆಲ್ಲರಲ್ಲಿ ವಿನಂತಿಸಿಕೊಳ್ಳುತ್ತೇನೆ.